ಹನ್ನೊಂದನೆಯವನು

ಸಂಪಾದಕರಿಗೆ ನಮಸ್ಕಾರ.

ನಿಮ್ಮ 'ಇತಿಹಾಸದಲ್ಲಿ ಈ ದಿನ' ಅಂಕಣದ ಕೆಳಗೆ ಬರುವ ಆಹಾರ ಸಲಹೆಯನ್ನು ದಿನಾ ನಮ್ಮ ಯಜಮಾನರಿಗೆ ಓದಿ ಹೇಳುತ್ತೇನೆ. ಮಗ ಬರುವವರೆಗೆ ಗಟ್ಟಿಯಾಗಿರಬೇಕೆಂದು ಅವರು ಉಪ್ಪನ್ನೂ ಬಿಟ್ಟಿದ್ದಾರೆ.

ಒಂಬತ್ತು ವರ್ಷದ ಹಿಂದೆ ಇದೇ ದಿನ ಗಡಿ ಠಾಣೆಯಲ್ಲಿ ದೇಶಕ್ಕಾಗಿ ಮಡಿದ ಹನ್ನೊಂದು ಮಂದಿ ಯೋಧರಿಗೆ ನಮನ ಎಂದು ಇವತ್ತು ಹಾಕಿದ್ದೀರಿ. ಆ ಠಾಣೆಯಲ್ಲಿ ಇದ್ದವರೇ ಹನ್ನೊಂದು ಜನ. ಸೈನ್ಯದ ಕಾಗದದಲ್ಲಿ ಸತ್ತವರು ಹತ್ತು, ನಮ್ಮ ಮಗ ಕಾಣೆ ಎಂದಿತ್ತು. "ಇವತ್ತು ಏನು ತಿನ್ಬಾರ್ದಂತೆ?" ಎಂದು ಯಜಮಾನರು ಕೇಳಿದರು. "ಪೇಪರೇ ಬಂದಿಲ್ಲ ರೀ" ಎಂದೆ.

ಅಚ್ಚಿನ ತಪ್ಪಾಗಿದ್ದರೆ ನಾಳೆಯೇ ತಿದ್ದುಪಡಿ ಹಾಕಿ. ತಪ್ಪಲ್ಲದಿದ್ದರೆ ಏನೂ ಹಾಕಬೇಡಿ. ಆಹಾರ ಸಲಹೆ ಮಾತ್ರ ನಿಲ್ಲಿಸಬೇಡಿ.

ಇಂತಿ,
ಕಾಣೆಯಾದವನ ತಾಯಿ