ಟಾನಿಕ್ ಮುಚ್ಚಳದಲ್ಲಿ ಬ್ರೌನ್ ಏಲ್

ಅಜ್ಜೀಪುರ
ಬುಧವಾರ, 8-10-2025

ಪ್ರೀತಿಯ ದೀಪೂ,

ಹೇಗಿದ್ದೀಯವ್ವ? ಗೋವಾದ ಸೆಖೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನನ್ನ ಮಂಡಿನೋವು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಿಟ್ಟಿದೆ, ಎಳೆಬಿಸಿಲು ಹಿತವಾಗಿದೆ, ಹೊಲದಲ್ಲಿ ಕಡ್ಲೆಕಾಯಿ ಕೀಳುತ್ತಿದ್ದೇವೆ. ಫೋನು ಮಾಡೋಣವೆಂದರೆ ನಿನ್ನ ಅಜ್ಜಿ ಪಕ್ಕದಲ್ಲೇ ಕಿವಿಗೊಟ್ಟು ಕೂತಿರುತ್ತಾಳೆ. ಸುದ್ದಿ ಅವಳದ್ದೇ. ಅದಕ್ಕೇ ಈ ಕಾಗದ. ಖುಷಿಯ ಸುದ್ದಿಯೇ!

ದಸರಾಕ್ಕೆಂದು ಗೋವಾದಿಂದ ಕೊಳ್ಳೇಗಾಲಕ್ಕೆ ಬಂದಿದ್ದ ನಿನ್ನ ಗೆಳತಿ ಮೋನಿಕಾ ಇವತ್ತು ಬೆಳಿಗ್ಗೆ ಬಸ್ಸಿಳಿದು ಬಂದು, ಅವರಪ್ಪ ನೇಯ್ದ ಸೀರೆಯ ಚೀಲದಿಂದ ಬಾಟಲಿ ತೆಗೆದು ಗುಟ್ಟಾಗಿ ನನ್ನ ಕೈಗಿಟ್ಟಳು. ಜೊತೆಗೆ ನಿನ್ನ ಚೀಟಿ: ನೀನೇ ಮಾಡಿದ ಬಿಯರು, ನಟ್ ಬ್ರೌನ್ ಏಲ್ ಅಂತ ಹೆಸರು, ಅಜ್ಜಿಯ ಹಾಗೆ ರಾಗಿ ಮೊಳಕೆ ಕಟ್ಟಿ ಹುರಿದು ಹಾಕಿದ್ದೀಯ, ಅಜ್ಜಿ ಮಾತಾಡದಿದ್ದರೆ ದೀಪಾವಳಿಗೂ ಬರುವುದಿಲ್ಲ. ಹೆಂಡ ಮಾಡುವ ಕೆಲಸಕ್ಕೆ ನೀನು ಸೇರಿದೆಯೆಂದು ಯುಗಾದಿಯಿಂದ ನಿನ್ನ ಹೆಸರನ್ನೇ ಎತ್ತದವಳು ನಿನ್ನ ಅಜ್ಜಿ.

ಮನೆಯೊಳಗೆ ಬೇಡವೆಂದು ಕೊಟ್ಟಿಗೆಗೆ ಹೋದೆ. ಮಂಡಿನೋವಿನ ಟಾನಿಕ್ಕಿನ ಮುಚ್ಚಳಕ್ಕೆ ಬಗ್ಗಿಸಿದೆ. ಕಡ್ಲೆಬೀಜದ ಸಿಪ್ಪೆಯ ಬಣ್ಣ, ಮೇಲೆ ಹಾಲು ಕರೆದಂತೆ ನೊರೆ. ‘ನಟ್’ ಅಂದರೆ ಕಾಯಿಯಲ್ಲವೇ, ಅದೆಲ್ಲಿದೆಯೆಂದು ಬೆಳಕಿಗೆ ಹಿಡಿದು ಹುಡುಕಿದೆ, ಬಣ್ಣಕ್ಕಷ್ಟೇ ಆ ಹೆಸರೆಂದು ಮೋನಿಕಾ ಆಮೇಲೆ ನಕ್ಕಳು. ಎಪ್ಪತ್ತೊಂದು ವರ್ಷ ಹೆಂಡ ಮುಟ್ಟದ ನಾಲಿಗೆಗೆ ಒಂದು ಗುಟುಕು. ನಮ್ಮ ಹುರಿಹಿಟ್ಟಿಗೆ ಬೆಲ್ಲದ ಪಾಕ ತಾಗಿಸಿದ ಹಾಗಿತ್ತವ್ವ!

ಅಷ್ಟರಲ್ಲಿ ಹಾಲಿನ ಚೊಂಬು ಹಿಡಿದು ನಿನ್ನ ಅಜ್ಜಿ. "ಲಿಂಗ ಕಟ್ಕಂಡಿರೋ ಎದೆ ಕಣ್ರಿ ಅದು!" ಅಂದವಳೇ ಬಾಟಲಿ ಕಿತ್ತುಕೊಂಡು ತಿಪ್ಪೆಗೆ ಸುರಿಯಲು ಬಗ್ಗಿಸಿದಳು. ನೊರೆ ಉಕ್ಕಿ ಕೈಮೇಲೆ ಹರಿಯಿತು. ಸುರಿಯುತ್ತಿದ್ದ ಕೈ ನಿಂತಿತು. ಮೂಸಿದಳು. ನನ್ನ ಕಡೆ ನೋಡಿದಳು. ಬೆರಳು ನೆಕ್ಕಿದಳು. ಆಮೇಲೆ ಮುಚ್ಚಳ ಕೇಳಿ, ಕಣ್ಣು ಮುಚ್ಚಿ, ಕಷಾಯದ ಹಾಗೆ ಗುಟುಕರಿಸಿದಳು.

"ಮೊಳಕೆ ಉಜ್ಜಿ ತೆಗ್ದಿಲ್ಲ ಕಣ್ರಿ, ಬಾಲದ ಸಮೇತ ಉರ್ದವ್ಳೆ. ಅದ್ಕೇ ಕೊನೇಲಿ ನಾಲ್ಗೆಗೆ ಕಯಿ," ಅಂದಳು. ಆಮೇಲೆ, "ಬಾಯಿಗೆ ಅಲ್ಲು ಬರೋಕ್ ಮುಂಚೆ ನಾನ್ ಕುಡ್ಸಿದ್ ರಾಗಿಗಂಜಿ ನೆಪ್ಪಿಟ್ಕಂಡವ್ಳೆ, ನನ್ ಮೊಮ್ಮಗ್ಳು." ಹಸುವಿನ ಬೆನ್ನು ಸವರುತ್ತಾ ಹೇಳಿದಳು, ನನಗೆ ಮುಖ ತೋರಿಸಲಿಲ್ಲ.

ಹಿತ್ತಿಲಿನ ಕರೀ ಹಸುವಿನ ಸಮೇತ ಎಲ್ಲರೂ ನಿನ್ನನ್ನು ಕೇಳಿದರು. ಬೆಟ್ಟದ ಮಾದಪ್ಪ ನಿನ್ನ ತಲೆ ಕಾಯಲಿ.

ಇಂತು ನಿನ್ನ ತಾತ,
ದೊಡ್ಡಮಾದಪ್ಪ

ತಾಜಾ ಕಲಂ: ಮೋನಿಕಾ ಬಸ್ಸಿಗೆ ಹೊರಟು ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಅಜ್ಜಿ ಎರಡು ಸೇರು ರಾಗಿ ಕೇರಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದಾಳೆ. ಯಾವಾಗ ನೆನೆಹಾಕುತ್ತೀಯೆಂದು ಕೇಳಿದೆ. "ದೀಪು ಊರಿಗ್ ಬರಾಕೆ ಬಸ್ ಅತ್ತಿದ್ ದಿನ" ಅಂದಳು.