ಗೇಟಿನಲ್ಲಿ ಬಿಚ್ಚುವ ಬ್ಯಾಂಡೇಜ್

ಆಗಸ್ಟ್ 19, ಮಂಗಳವಾರ

ಕಾಲಿನ ಆಂಕಲ್ ಊತ ಇನ್ನೂ ಇಳಿದಿಲ್ಲ. ಶನಿವಾರ ಖೋ-ಖೋ ಸೆಲೆಕ್ಷನ್. ಬ್ಯಾಂಡೇಜ್ ಸುತ್ತಿಕೊಂಡು ಹೋದರೆ ಕೋಚ್ ನಾಗೇಶ್ ಸರ್, "ಏನಮ್ಮ, ಆಡಕ್ ಬಂದ್ಯೋ ಬಾಣಂತನಕ್ ಬಂದ್ಯೋ?" ಎಂದು ಬೆಂಚಿಗೆ ಕಳಿಸುತ್ತಾರೆ. ಹಾಗಾಗಿ ಎಲ್ಲರೂ ಗ್ರೌಂಡಿನ ಗೇಟಿನಲ್ಲೇ ಬಿಚ್ಚಿ ಬ್ಯಾಗಿಗೆ ತುರುಕುತ್ತೇವೆ. ಮೊದಲು ಓದಿದ ಗುಬ್ಬಿಯ ಸ್ಕೂಲಿನಲ್ಲಿ ಪಿ.ಟಿ. ಕಲ್ಲಮ್ಮ ಮಿಸ್ ದಿನಾ, "ಎಲ್ ನೋಯ್ತದೆ ಹೇಳ್ರಮ್ಮ" ಎನ್ನುತ್ತಿದ್ದರು. ಆಗ ಯಾರೂ ಹೇಳದೆಯೇ ಸ್ಟ್ರೆಚ್ ಮಾಡುತ್ತಿದ್ದೆ. ಈಗ ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಇದ್ದರೂ ಮಾಡುವುದಿಲ್ಲ.

ಇವತ್ತು ಸರ್ ರಜೆ. ಕ್ಯಾಪ್ಟನ್ ಪಲ್ಲವಿ ಅಕ್ಕ, "ನೋವಿರೋರು ಹೇಳ್ಬಿಡ್ರೇ, ಸರ್‌ಗೆ ಹೇಳಲ್ಲ" ಅಂದರು. ಹನ್ನೆರಡು ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಅಕ್ಕ ನನ್ನ ಕಾಲನ್ನೇ ನೋಡುತ್ತಿದ್ದರು.

"ನಿಂಗೇನೇ?"

"ಫೈನ್ ಅಕ್ಕ," ಎಂದು ಪೂರ್ತಿ ಭಾರವನ್ನು ಆ ಕಾಲಿನ ಮೇಲೇ ಹಾಕಿ ನಿಂತೆ. ನೋವೇ ಅನ್ನಿಸಲಿಲ್ಲ. ಈಗ ಬರೆಯುವಾಗಲೂ ಏನೂ ಅನ್ನಿಸುತ್ತಿಲ್ಲ; ಊತ ಮಾತ್ರ ಹಾಗೇ ಇದೆ.