ಕಾಶಿಯ ಗಿಟಾರು ಚುಚ್ಚಿದ ದಿನ

೧೬ ಡಿಸೆಂಬರ್ ೨೦೦೬, ಶನಿವಾರ. ಕಾರವಾರ.

ಅಂಕೋಲೆಯ ಕಾರ್ಯಕ್ರಮದಲ್ಲಿ ಇವತ್ತು ಗೆಳೆಯ ಕಾಶಿಯ ಗಿಟಾರು ಕಿವಿಗೆ ಚುಚ್ಚಿತು. ತಲೆಯಲ್ಲಿ ಅದೇ ಕೊರೆಯುತ್ತಿದೆ.

ಮಾಜಾಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಗೋವಾದ ಹೋಟೆಲುಗಳಲ್ಲಿ ಮೂವತ್ತು ವರ್ಷ ಹಳೇ ರಾಕ್ ಬಾರಿಸಿದವನು ಅವನು. ಆ ಇಂಗ್ಲಿಷ್ ಹಾಡುಗಳ ಅರ್ಧ ಮಾತು ನನಗೆ ತಿಳಿಯುವುದಿಲ್ಲ. ಆದರೆ ಅವನು ಒಂದು ತಂತಿಯನ್ನು ಎಳೆದು ಹಿಡಿದರೆ ದನಿ ಬೆಲ್ಲದ ಪಾಕದಂತೆ ಎಳೆಎಳೆಯಾಗಿ ಇಳಿಯುತ್ತದೆ. ಅದಕ್ಕೆ ಭಾಷಾಂತರ ಬೇಡ. ಇವತ್ತು ಕೇಳಿದ್ದು ಬಾಣಲೆಯ ತಳ ಕೆರೆದ ಸದ್ದು.

ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಆಂಪ್ಲಿಫೈಯರಿನಲ್ಲಿ ಏರು ದನಿಗಳನ್ನು ಹೆಚ್ಚಿಸುವ ಟ್ರೆಬಲ್ ಗುಂಡಿ ಕೊನೆಯ ತನಕ ತಿರುಗಿತ್ತು.

"ಹ್ಯಾಂಗಾಯ್ತೋ ಮಾರಾಯಾ? ಸೌಂಡು ಸ್ವಲ್ಪ ಮಂಕಾಯ್ತು, ಅಲ್ಲಾ?" ಎಂದ.

ಮಂಕು! ಕೆಟ್ಟದ್ದು ಗಿಟಾರಲ್ಲ, ಅವನ ಕಿವಿ. ಏರು ದನಿಗಳು ಅವನನ್ನು ಮುಟ್ಟುತ್ತಲೇ ಇಲ್ಲ.

ಪ್ರತಿ ಸಲದಂತೆ ಪ್ರಾಸದಲ್ಲೇ ತೀರ್ಪು ಕೊಟ್ಟೆ: "ತಂತಿ ಮೀಟಿದ ಕಾಶಿ, ಅಂಕೋಲೆಗೆಲ್ಲ ಖುಷಿ."

"ಸಾಕೋ ಕವೀ! ಮೂವತ್ತೊಂದಕ್ಕೆ ಪಣಜಿಗೆ ಬಾ. ಇನ್ನೂ ಜೋರು ಇಡ್ತೆ!"

ಅವನ ಹೆಂಡತಿ ಸುಗಂಧಾ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಪಣಜಿಯವರು ಅಂಕೋಲೆಯವರಷ್ಟು ಸಂಕೋಚದವರಲ್ಲ. ಮೊದಲ ಹಾಡಿಗೇ ಕೂಗಿ ಇಳಿಸುತ್ತಾರೆ. ನಾನೇ ಹೇಳಿದರೆ ಅವನು ಗಿಟಾರನ್ನೇ ಕೆಳಗಿಟ್ಟುಬಿಟ್ಟಾನು. ಆದರೂ ಬೆಳಿಗ್ಗೆ ಮಾಜಾಳಿಗೆ ಹೋಗಿ ಹೇಳಲೇಬೇಕು. ಇಂಥದ್ದನ್ನು ಊರಿಗೆ ಕೇಳುವಂತೆ ಕೂಗಿ ಹೇಳಲಾಗದು. ಹತ್ತಿರ ಕೂತು, ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಬೇಕು. ಆದರೆ ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸಬೇಕಲ್ಲ!